ರೇಟಿ–ಬೊಗೊಲ್ಯೂಬೊವ್ ಆಟ (ನ್ಯೂಯಾರ್ಕ್, 1924)

ರೇಟಿ–ಬೊಗೊಲ್ಯೂಬೊವ್ ಆಟವು 1924ರ ನ್ಯೂಯಾರ್ಕ್ ಅಂತರರಾಷ್ಟ್ರೀಯ ಚದುರಂಗ ಪಂದ್ಯಾವಳಿಯ 12ನೆಯ ಸುತ್ತಿನಲ್ಲಿ, ಏಪ್ರಿಲ್ 2ರಂದು, ರಿಚರ್ಡ್ ರೇಟಿ ಮತ್ತು ಎಫಿಮ್ ಬೊಗೊಲ್ಯೂಬೊವ್ ನಡುವೆ ನಡೆದ ಆಟವಾಗಿದೆ. ಬಿಳಿ ಕಾಯಿಗಳನ್ನು ನಡೆಸಿದ ರೇಟಿ 25 ನಡೆಗಳಲ್ಲಿ ಜಯ ಗಳಿಸಿದರು. ಪಂದ್ಯಾವಳಿಯ ಅತ್ಯಂತ ಸೊಗಸಾದ ಆಟಕ್ಕೆ ಮೀಸಲಾಗಿದ್ದ ಮೊದಲ ಬಹುಮಾನ ಈ ಆಟಕ್ಕೆ ಸಂದಿತು. ಫಲಕದ ನಡುಮನೆಗಳನ್ನು ಕಾಲಾಳುಗಳಿಂದ ಕೂಡಲೇ ಆಕ್ರಮಿಸದೆ, ಒಂಟೆಗಳನ್ನು ಎರಡು ಪಾರ್ಶ್ವಗಳಲ್ಲಿ ನಿಲ್ಲಿಸಿ ದೂರದಿಂದ ಅವುಗಳನ್ನು ಹತೋಟಿಯಲ್ಲಿಡುವ 'ಪಾರ್ಶ್ವದ ಆರಂಭ'ಕ್ಕೆ ಇದು ಹೆಸರಾಂತ ಉದಾಹರಣೆಯಾಗಿದೆ. ಆಟದ ಕೊನೆಯ ನಡೆಯಲ್ಲಿ ಬಿಳಿಯ ಒಂಟೆ ಎದುರಾಳಿಯ ಎರಡು ಕಾಯಿಗಳ ನಡುವೆ ಹೋಗಿ ನಿಂತು ಅವುಗಳ ಸಂಪರ್ಕವನ್ನೇ ಕಡಿಯುತ್ತದೆ. ಆ ನಡೆಯಿಂದಲೇ ಈ ಆಟ ಚದುರಂಗದ ಪಠ್ಯಗಳಲ್ಲಿ ಉಳಿದುಕೊಂಡಿದೆ.

ಹಿನ್ನೆಲೆ

ನ್ಯೂಯಾರ್ಕಿನ ಅಲಾಮಾಕ್ ಹೋಟೆಲಿನಲ್ಲಿ 1924ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ನಡೆದ ಈ ಪಂದ್ಯಾವಳಿಯಲ್ಲಿ 11 ಆಟಗಾರರು ಭಾಗವಹಿಸಿದ್ದರು. ಪ್ರತಿಯೊಬ್ಬರೂ ಉಳಿದ ಹತ್ತು ಮಂದಿಯೊಡನೆ ತಲಾ ಎರಡು ಬಾರಿ ಆಡಬೇಕಿತ್ತು. ಆಗಿನ ವಿಶ್ವ ಚಾಂಪಿಯನ್ ಕ್ಯೂಬಾದ ಹೊಸೆ ರಾವುಲ್ ಕಪಾಬ್ಲಾಂಕಾ, ಅವರಿಗಿಂತ ಹಿಂದಿನ ಚಾಂಪಿಯನ್ ಜರ್ಮನಿಯ ಎಮಾನ್ಯುಯೆಲ್ ಲಾಸ್ಕರ್, ಮೂರು ವರ್ಷಗಳ ನಂತರ ಚಾಂಪಿಯನ್ ಆಗಲಿದ್ದ ಅಲೆಕ್ಸಾಂಡರ್ ಅಲೆಖಿನ್ ಮೂವರೂ ಒಂದೇ ಸಭಾಂಗಣದಲ್ಲಿ ಆಡಿದ್ದು ಈ ಕೂಟದ ವೈಶಿಷ್ಟ್ಯ. 55 ವರ್ಷ ವಯಸ್ಸಿನ ಲಾಸ್ಕರ್ 20 ಆಟಗಳಲ್ಲಿ 16 ಅಂಕ ಪಡೆದು ಪ್ರಥಮ ಸ್ಥಾನ ಗಳಿಸಿದರು. ಕಪಾಬ್ಲಾಂಕಾ 14½, ಅಲೆಖಿನ್ 12, ಅಮೆರಿಕದ ಫ್ರಾಂಕ್ ಮಾರ್ಷಲ್ 11 ಅಂಕಗಳೊಂದಿಗೆ ನಂತರದ ಸ್ಥಾನಗಳಲ್ಲಿದ್ದರು. ರೇಟಿ 10½ ಅಂಕಗಳಿಂದ ಐದನೆಯವರಾಗಿಯೂ ಬೊಗೊಲ್ಯೂಬೊವ್ 9½ ಅಂಕಗಳಿಂದ ಏಳನೆಯವರಾಗಿಯೂ ಕೂಟವನ್ನು ಮುಗಿಸಿದರು. ಅಂಕಪಟ್ಟಿಯಲ್ಲಿ ಐದನೆಯವರಾದ ರೇಟಿಯ ಎರಡು ಆಟಗಳು ಈ ಕೂಟದ ಅತಿ ಹೆಚ್ಚು ಪ್ರಸಿದ್ಧ ಆಟಗಳಲ್ಲಿ ಸೇರಿವೆ ಎಂಬುದು ಗಮನಾರ್ಹ. ಪ್ರಸ್ತುತ ಆಟ ಅವುಗಳಲ್ಲೊಂದು. ಇನ್ನೊಂದು ಮಾರ್ಚ್ 22ರಂದು ಅವರು ಕಪಾಬ್ಲಾಂಕಾ ವಿರುದ್ಧ ಗೆದ್ದ ಆಟ. 1916ರ ನಂತರ ಕಪಾಬ್ಲಾಂಕಾ ಯಾವುದೇ ಪಂದ್ಯಾವಳಿಯ ಆಟದಲ್ಲಿ ಸೋತಿರಲಿಲ್ಲ. ಎಂಟು ವರ್ಷಗಳ ಆ ದಾಖಲೆ ಅಂದು ಮುರಿಯಿತು.

ಆಟಗಾರರಿಬ್ಬರೂ 1889ರಲ್ಲಿ ಜನಿಸಿದವರು. ರೇಟಿ ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಸ್ಲೊವಾಕಿಯಾದಲ್ಲಿರುವ ಪೆಜಿನೊಕ್ ಎಂಬ ಊರಿನವರು. ಮೊದಲ ಮಹಾಯುದ್ಧದ ಬಳಿಕ ಚೆಕೊಸ್ಲೊವಾಕಿಯಾವನ್ನು ಪ್ರತಿನಿಧಿಸಿದರು. ಬೊಗೊಲ್ಯೂಬೊವ್ ಉಕ್ರೇನಿನ ಕೀವ್ ಪ್ರಾಂತದಲ್ಲಿ ಹುಟ್ಟಿ ಮುಂದೆ ಜರ್ಮನಿಯಲ್ಲಿ ನೆಲೆಸಿದರು. 1925ರ ಮಾಸ್ಕೋ ಪಂದ್ಯಾವಳಿಯಲ್ಲಿ ಕಪಾಬ್ಲಾಂಕಾ ಮತ್ತು ಲಾಸ್ಕರ್ ಇಬ್ಬರನ್ನೂ ಹಿಂದಿಕ್ಕಿ ಪ್ರಥಮ ಸ್ಥಾನ ಪಡೆದರು. 1929 ಮತ್ತು 1934ರಲ್ಲಿ ವಿಶ್ವ ಪಟ್ಟಕ್ಕಾಗಿ ಅಲೆಖಿನ್ ಜೊತೆ ಸೆಣಸಿ ಎರಡು ಬಾರಿಯೂ ಸೋತರು. ಆದುದರಿಂದ ಈ ಆಟದಲ್ಲಿ ಸೋತವರು ಸಾಮಾನ್ಯ ಆಟಗಾರರಲ್ಲ ಎಂಬುದನ್ನು ಮರೆಯಬಾರದು. ಪ್ರಸಿದ್ಧ ಆಟಗಳಲ್ಲಿ ಸೋತವರನ್ನು ದುರ್ಬಲರೆಂದು ಭಾವಿಸುವ ರೂಢಿ ಓದುಗರಲ್ಲಿದೆ. ಇಲ್ಲಿ ಅದು ಸಲ್ಲದು.

ರೇಟಿಯ ವಿಚಾರ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚದುರಂಗದ ಬೋಧನೆಯ ಮೇಲೆ ಜರ್ಮನಿಯ ವೈದ್ಯ ಸೀಗ್ಬರ್ಟ್ ಟಾರಾಶ್ ಅವರ ಪ್ರಭಾವ ಬಹಳವಾಗಿತ್ತು. ಫಲಕದ ನಡುವಿನ ನಾಲ್ಕು ಮನೆಗಳಲ್ಲಿ, ಅಂದರೆ ಡಿ4, ಇ4, ಡಿ5, ಇ5ರಲ್ಲಿ, ತನ್ನ ಕಾಲಾಳುಗಳನ್ನು ನಿಲ್ಲಿಸಿದವನೇ ಆಟದ ಯಜಮಾನ ಎಂಬುದು ಆ ಬೋಧನೆಯ ತಿರುಳು. ಮಹಾಯುದ್ಧದ ಆಚೀಚೆ ಗ್ಯೂಲಾ ಬ್ರೇಯರ್, ಆರನ್ ನಿಮ್ಜೊವಿಚ್, ರೇಟಿ ಮೊದಲಾದವರು ಇದನ್ನು ಪ್ರಶ್ನಿಸಿದರು. ನಡುಮನೆಯಲ್ಲಿ ನಿಂತ ಕಾಲಾಳು ಬಲವೂ ಹೌದು, ಗುರಿಯೂ ಹೌದು. ಎದುರಾಳಿ ಅಲ್ಲಿಗೆ ಬರಲಿ, ಬಂದ ಮೇಲೆ ಬದಿಗಳಿಂದ ಅದನ್ನು ಒತ್ತೋಣ ಎಂಬುದು ಇವರ ವಾದ. ಸವೇಲಿ ಟಾರ್ಟಕೋವರ್ ಬಳಕೆಗೆ ತಂದ 'ಹೈಪರ್‌ಮಾಡರ್ನ್' ಎಂಬ ಹೆಸರು ಈ ಪಂಥಕ್ಕೆ ಅಂಟಿಕೊಂಡಿತು. ರೇಟಿ 1922ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ, ಚದುರಂಗದ ಹೊಸ ವಿಚಾರಗಳನ್ನು ಕುರಿತ ಪುಸ್ತಕವು ಪಂಥದ ಮುಖ್ಯ ಗ್ರಂಥಗಳಲ್ಲೊಂದು.

ವಿಚಾರವನ್ನು ಪುಸ್ತಕದಲ್ಲಿ ಮಂಡಿಸುವುದು ಬೇರೆ, ಜಗತ್ತಿನ ಅಗ್ರ ಆಟಗಾರರ ಎದುರು ಅದನ್ನು ಪಣಕ್ಕಿಡುವುದು ಬೇರೆ. ನ್ಯೂಯಾರ್ಕಿನಲ್ಲಿ ರೇಟಿ ಮಾಡಿದ್ದು ಎರಡನೆಯದನ್ನು. ಮೊದಲ ನಡೆಯಲ್ಲಿ ರಾಜನ ಕಡೆಯ ಕುದುರೆಯನ್ನು ಎಫ್3ಕ್ಕೆ ತಂದು, ಸಿ4ರ ಕಾಲಾಳಿನಿಂದ ಡಿ5ನ್ನು ಒತ್ತಿ, ಒಂಟೆಗಳನ್ನು ಜಿ2 ಮತ್ತು ಬಿ2ರಲ್ಲಿ ನಿಲ್ಲಿಸುವ ವಿನ್ಯಾಸವನ್ನು ಅವರು ಮತ್ತೆ ಮತ್ತೆ ಪ್ರಯೋಗಿಸಿದರು. ಇಂದು ಇದು 'ರೇಟಿ ಆರಂಭ' ಎಂದೇ ಹೆಸರಾಗಿದೆ. ಫಲ ಮಾತ್ರ ಮಿಶ್ರವಾಗಿತ್ತು. ಕಪಾಬ್ಲಾಂಕಾ ಸೋತರು ನಿಜ; ಆದರೆ ಇದೇ ಕೂಟದಲ್ಲಿ ಲಾಸ್ಕರ್ ತಮ್ಮ ರಾಣಿಯ ಕಡೆಯ ಒಂಟೆಯನ್ನು ಬೇಗನೆ ಎಫ್5ಕ್ಕೆ ಹೊರತಂದು ಈ ವಿನ್ಯಾಸವನ್ನು ಎದುರಿಸಿ ರೇಟಿಯನ್ನು ಸೋಲಿಸಿದರು. ಹೊಸ ಆರಂಭವು ಗಟ್ಟಿಯಾದ ಸಿದ್ಧಾಂತವೋ, ಎದುರಾಳಿಗೆ ಪರಿಚಯವಿಲ್ಲದಿದ್ದಾಗ ಮಾತ್ರ ಫಲಿಸುವ ಉಪಾಯವೋ ಎಂಬ ಪ್ರಶ್ನೆ ಹೀಗೆ ತೆರೆದೇ ಇತ್ತು.

ಒಂಟೆಯನ್ನು ಬಿ2 ಅಥವಾ ಜಿ2ರಲ್ಲಿ ನಿಲ್ಲಿಸುವುದಕ್ಕೆ ಇಟಾಲಿಯನ್ ಮೂಲದ 'ಫಿಯಾಂಕೆಟ್ಟೊ' ಎಂಬ ಹೆಸರಿದೆ. 'ಚಿಕ್ಕ ಪಾರ್ಶ್ವ' ಎಂಬುದು ಅದರ ಅರ್ಥ. ಈ ಪದ್ಧತಿಗೆ ಭಾರತದ ನಂಟೂ ಉಂಟು. ಇಲ್ಲಿನ ಹಳೆಯ ನಿಯಮಗಳಲ್ಲಿ ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹೋಗುವ ಅವಕಾಶ ಸಾಮಾನ್ಯವಾಗಿ ಇರಲಿಲ್ಲ. ಆದ್ದರಿಂದ ಭಾರತೀಯ ಆಟಗಾರರು ಕಾಲಾಳುಗಳನ್ನು ಒಂದೊಂದೇ ಮನೆ ಸರಿಸಿ ಒಂಟೆಗಳನ್ನು ಮೂಲೆಯ ಓರೆಸಾಲುಗಳಿಗೆ ತರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬ ಆಟಗಾರ ಸ್ಕಾಟ್ಲೆಂಡ್ ಮೂಲದ ವಕೀಲ ಜಾನ್ ಕಾಕ್ರೇನ್ ವಿರುದ್ಧ ಇಂತಹ ವಿನ್ಯಾಸಗಳನ್ನು ಆಡಿದ ದಾಖಲೆಗಳಿವೆ. ಕಪ್ಪಿನ ಕಡೆಯ ಈ ಬಗೆಯ ರಕ್ಷಣೆಗಳಿಗೆ 'ಇಂಡಿಯನ್' ಎಂಬ ಹೆಸರು ಬಂದುದು ಈ ಹಿನ್ನೆಲೆಯಿಂದ. ರೇಟಿ ಆರಂಭವನ್ನು ಬಣ್ಣ ಬದಲಿಸಿ ಆಡಿದ ಇಂಡಿಯನ್ ರಕ್ಷಣೆ ಎಂದು ವರ್ಣಿಸಬಹುದು.

ನಡೆಗಳನ್ನು ಓದುವ ಬಗೆ

ಫಲಕದ ಉದ್ದಸಾಲುಗಳಿಗೆ ಬಿಳಿಯ ಎಡಗೈ ಕಡೆಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಹೆಸರುಗಳೂ ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗಿನ ಅಂಕಿಗಳೂ ಇವೆ. ಇಂಗ್ಲಿಷಿನ ರೂಕ್, ಬಿಷಪ್, ನೈಟ್, ಪಾನ್ ಕಾಯಿಗಳಿಗೆ ಕ್ರಮವಾಗಿ ಆನೆ, ಒಂಟೆ, ಕುದುರೆ, ಕಾಲಾಳು ಎಂಬ ಹೆಸರುಗಳನ್ನು ಇಲ್ಲಿ ಬಳಸಲಾಗಿದೆ. ರಾಣಿಯನ್ನು ಮಂತ್ರಿ ಎಂದು ಕರೆಯುವ ರೂಢಿಯೂ ಇದೆ. ಕಾಯಿಯ ಹೆಸರಿಲ್ಲದೆ ಮನೆಯ ಹೆಸರಷ್ಟೇ ಇದ್ದರೆ ಅದು ಕಾಲಾಳಿನ ನಡೆ. × ಗುರುತು ಹೊಡೆತವನ್ನು, + ಗುರುತು ಚೆಕ್ ಅನ್ನು ಸೂಚಿಸುತ್ತದೆ. ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ಅಲ್ಪವಿರಾಮದ ನಂತರ ಕಪ್ಪಿನ ನಡೆ ಇರುತ್ತದೆ.

ಆಟ

1. ಕುದುರೆ ಎಫ್3, ಡಿ5, 2. ಸಿ4, ಇ6, 3. ಜಿ3, ಕುದುರೆ ಎಫ್6, 4. ಒಂಟೆ ಜಿ2, ಒಂಟೆ ಡಿ6, 5. ಕ್ಯಾಸ್ಲಿಂಗ್, ಕ್ಯಾಸ್ಲಿಂಗ್, 6. ಬಿ3, ಆನೆ ಇ8, 7. ಒಂಟೆ ಬಿ2, ಬಿ-ಕುದುರೆ ಡಿ7.

ಬಿಳಿ ಇದುವರೆಗೆ ನಡುವಿನ ನಾಲ್ಕು ಮನೆಗಳಲ್ಲಿ ಒಂದು ಕಾಲಾಳನ್ನೂ ಇಟ್ಟಿಲ್ಲ. ಕಪ್ಪು ಡಿ5ರಲ್ಲಿ ಕಾಲಾಳನ್ನು ನಿಲ್ಲಿಸಿದೆ. ಡಿ6ರ ಒಂಟೆ, ಇ8ರ ಆನೆ, ಡಿ7ರ ಕುದುರೆ ಮೂರೂ ಇ5ರತ್ತ ಮುಖ ಮಾಡಿವೆ. ಮುಂದಿನ ನಡೆಯಲ್ಲಿ ಕಾಲಾಳನ್ನು ಇ5ಕ್ಕೆ ತಳ್ಳಿ ನಡುಮನೆಗಳನ್ನು ಪೂರ್ತಿಯಾಗಿ ತನ್ನದಾಗಿಸಿಕೊಳ್ಳುವುದು ಕಪ್ಪಿನ ಉದ್ದೇಶ. ಅದು ನೆರವೇರಿದರೆ ರಾಣಿಯ ಕಡೆಯ ಒಂಟೆಗೂ ದಾರಿ ತೆರೆಯುತ್ತದೆ.

8. ಡಿ4, ಸಿ6, 9. ಬಿ-ಕುದುರೆ ಡಿ2, ಕುದುರೆ ಇ4.

ರೇಟಿ ಇಲ್ಲಿ ಸಿದ್ಧಾಂತಕ್ಕೆ ಅಂಟಿಕೊಂಡು ಕೂರಲಿಲ್ಲ. ಇ5ಕ್ಕೆ ಕಪ್ಪು ಬರುವ ಹೊತ್ತಿಗೆ ಸರಿಯಾಗಿ ತಮ್ಮ ಕಾಲಾಳನ್ನು ಡಿ4ಕ್ಕೆ ಇಟ್ಟರು. ಇದರಿಂದ ಬಿ2ರ ಒಂಟೆಯ ಓರೆಸಾಲು ತಾತ್ಕಾಲಿಕವಾಗಿ ಮುಚ್ಚಿತು, ಆದರೆ ಕಪ್ಪಿನ ಯೋಜನೆ ಮುರಿಯಿತು. ಹೀಗೆ ಉಂಟಾದ ಸ್ಥಿತಿಯನ್ನು ಇಂದಿನ ಆಟಗಾರರು 'ಕೆಟಲನ್ ಆರಂಭ' ಎಂದು ಗುರುತಿಸುತ್ತಾರೆ. 1924ರಲ್ಲಿ ಆ ಹೆಸರು ಇರಲಿಲ್ಲ. 1929ರ ಬಾರ್ಸಿಲೋನಾ ಪಂದ್ಯಾವಳಿಯ ಸಂದರ್ಭದಲ್ಲಿ ಟಾರ್ಟಕೋವರ್ ಅವರಿಂದ ಅದು ಬಳಕೆಗೆ ಬಂತು. ರೇಟಿ ಆರಂಭದ ಶ್ರೇಷ್ಠ ಆಟವೆಂದು ಎಲ್ಲೆಡೆ ಉದಾಹರಿಸಲಾಗುವ ಈ ಆಟ ಎಂಟನೆಯ ನಡೆಯಿಂದ ಬೇರೆ ಆರಂಭದ ಸೀಮೆಗೆ ಸೇರುತ್ತದೆ ಎಂಬುದು ತಮಾಷೆಯ ಸಂಗತಿ. ಪಾರ್ಶ್ವದ ಆರಂಭದ ನಿಜವಾದ ಲಾಭ ಇಲ್ಲಿಯೇ ಕಾಣುತ್ತದೆ ಎನ್ನಬಹುದು. ಬಿಳಿ ತನ್ನ ಕಾಲಾಳುಗಳ ನೆಲೆಯನ್ನು ಕೊನೆಯವರೆಗೂ ಬಚ್ಚಿಟ್ಟುಕೊಂಡು, ಎದುರಾಳಿ ಕಾಯಿಗಳನ್ನು ಒಂದು ರೀತಿ ಜೋಡಿಸಿದ ಮೇಲೆ, ಆ ಜೋಡಣೆಗೆ ಅತಿ ಪ್ರತಿಕೂಲವಾದುದನ್ನು ಆರಿಸಿಕೊಂಡಿದೆ.

ಒಂಬತ್ತನೆಯ ನಡೆಯಲ್ಲಿ ಕಪ್ಪು ಇ5ನ್ನು ಬಲವಂತವಾಗಿ ಆಡಿದ್ದರೆ, 10. ಸಿ×ಡಿ5, ಸಿ×ಡಿ5, 11. ಡಿ×ಇ5, ಕುದುರೆ×ಇ5, 12. ಕುದುರೆ×ಇ5, ಒಂಟೆ×ಇ5, 13. ಒಂಟೆ×ಇ5, ಆನೆ×ಇ5, 14. ಕುದುರೆ ಸಿ4 ಎಂಬ ಸರಣಿ ಸಾಧ್ಯವಿತ್ತು. ಡಿ5ರ ಕಾಲಾಳು ಕುದುರೆಯನ್ನು ಹೊಡೆಯಲಾರದು, ಹೊಡೆದರೆ ಡಿ8ರಲ್ಲಿ ಕಪ್ಪು ರಾಣಿ ಹೋಗುತ್ತದೆ. ಆನೆ ಹಿಂದೆ ಸರಿದರೆ ಕುದುರೆ ಇ3ಕ್ಕೆ ಬಂದು, ನೆರೆಯ ಕಾಲಾಳುಗಳಿಲ್ಲದ ಡಿ5ರ ಒಂಟಿ ಕಾಲಾಳನ್ನು ಜಿ2ರ ಒಂಟೆಯೊಡನೆ ಸೇರಿ ಒತ್ತುತ್ತದೆ. ಬೊಗೊಲ್ಯೂಬೊವ್ ಇದನ್ನು ತಪ್ಪಿಸಲು ಕುದುರೆಯನ್ನು ಇ4ಕ್ಕೆ ಹಾರಿಸಿದರು. ಹೊರನೋಟಕ್ಕೆ ದಿಟ್ಟ ನಡೆಯೇ ಸರಿ. ಆದರೆ ಕಪ್ಪಿನ ತೊಂದರೆಗಳೆಲ್ಲ ಇಲ್ಲಿಂದಲೇ ಆರಂಭವಾಗುತ್ತವೆ.

10. ಕುದುರೆ×ಇ4, ಡಿ×ಇ4, 11. ಕುದುರೆ ಇ5, ಎಫ್5, 12. ಎಫ್3, ಇ×ಎಫ್3, 13. ಒಂಟೆ×ಎಫ್3, ರಾಣಿ ಸಿ7.

ಇ4ಕ್ಕೆ ಬಂದ ಕಪ್ಪು ಕಾಲಾಳು ತನ್ನ ಸೈನ್ಯದಿಂದ ದೂರವಾಗಿದೆ. ಹನ್ನೊಂದನೆಯ ನಡೆಯಲ್ಲಿ ಕಪ್ಪು ಇ5ರ ಕುದುರೆಯನ್ನು ಹೊಡೆದರೆ, ಡಿ4ರ ಕಾಲಾಳು ಮರಳಿ ಹೊಡೆದು ಡಿ6ರ ಒಂಟೆಯನ್ನು ಓಡಿಸುತ್ತದೆ. ಒಂಟೆ ಸಿ5ಕ್ಕೆ ಸರಿದಾಗ ರಾಣಿಗಳ ವಿನಿಮಯದ ನಂತರ ಇ4ರ ಕಾಲಾಳು ಜಿ2ರ ಒಂಟೆಗೆ ಬಲಿಯಾಗುತ್ತದೆ. ಆದ್ದರಿಂದ ಎಫ್5 ಅನಿವಾರ್ಯ. ಕೂಡಲೇ ರೇಟಿ ಎಫ್3ರಿಂದ ಆ ಸರಪಳಿಯ ಕೊಂಡಿಯನ್ನು ಕಳಚಿದರು. ಎಫ್3ರಲ್ಲಿ ಮರಳಿ ಹೊಡೆಯುವಾಗ ಇ2ರ ಕಾಲಾಳನ್ನು ಬಳಸದೆ ಒಂಟೆಯನ್ನು ಬಳಸಿದ್ದು ಸೂಕ್ಷ್ಮವಾದ ಆಯ್ಕೆ. ಇ2ರ ಕಾಲಾಳು ಇನ್ನೂ ಒಂದು ಮುಖ್ಯ ಕೆಲಸಕ್ಕೆ ಬೇಕಾಗಿದೆ: ಇ4ಕ್ಕೆ ಹಾರಿ ನಡುವನ್ನು ಒಡೆಯುವುದು. ಮೊದಲ ಹನ್ನೆರಡು ನಡೆಗಳಲ್ಲಿ ಮುಟ್ಟದೆ ಇಟ್ಟಿದ್ದ ಕಾಲಾಳು ಅದು.

14. ಕುದುರೆ×ಡಿ7, ಒಂಟೆ×ಡಿ7, 15. ಇ4, ಇ5, 16. ಸಿ5, ಒಂಟೆ ಎಫ್8.

ಇ5ರಲ್ಲಿ ಮೆರೆಯುತ್ತಿದ್ದ ಕುದುರೆಯನ್ನು ಡಿ7ರ ಸಾಧಾರಣ ಕುದುರೆಗೆ ಕೊಟ್ಟದ್ದು ಕಲಿಯುವವರಿಗೆ ಗೊಂದಲ ಉಂಟುಮಾಡಬಹುದು. ಆದರೆ ಡಿ7ರ ಕುದುರೆ ಎಫ್6ಕ್ಕೆ ಬಂದಿದ್ದರೆ ಇ4ರ ಮನೆಯನ್ನು ಕಾಯುತ್ತಿತ್ತು. ಅದು ಇಲ್ಲವಾದುದರಿಂದ ಬಿಳಿಯ ಕಾಲಾಳು ನಿರಾತಂಕವಾಗಿ ಇ4ಕ್ಕೆ ಬರುತ್ತದೆ. ಈಗ ಕಪ್ಪು ಸುಮ್ಮನಿದ್ದರೆ ಕಾಲಾಳು ಇ5ಕ್ಕೆ ನುಗ್ಗಿ ಒಂಟೆಯನ್ನು ಅಟ್ಟುತ್ತದೆ, ಡಿ7ರ ಇನ್ನೊಂದು ಒಂಟೆ ಇ6 ಮತ್ತು ಎಫ್5ರ ತನ್ನದೇ ಕಾಲಾಳುಗಳ ಹಿಂದೆ ಸೆರೆಯಾಗುತ್ತದೆ. ಬೊಗೊಲ್ಯೂಬೊವ್ ಇ5 ಆಡಿ ಬಿಡಿಸಿಕೊಳ್ಳಲು ಯತ್ನಿಸಿದ್ದು ಸಹಜವೇ.

ಇದಕ್ಕೆ ರೇಟಿಯ ಉತ್ತರ ಸಿ5. ಡಿ4ರಿಂದ ಇ5ರಲ್ಲಿ ಹೊಡೆದಿದ್ದರೆ ಕಪ್ಪಿನ ಒಂಟೆ ಮರಳಿ ಹೊಡೆದು, ಕಾಯಿಗಳು ವಿನಿಮಯಗೊಂಡು, ಕಪ್ಪಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಸಿ5 ಆ ಒಂಟೆಯನ್ನು ಮೊದಲು ಇ5ರ ರಕ್ಷಣೆಯಿಂದ ಎಬ್ಬಿಸುತ್ತದೆ. ಜೊತೆಗೆ ಸಿ4ರ ಮನೆಯನ್ನು ತೆರವು ಮಾಡಿ, ಅಲ್ಲಿಂದ ಕಪ್ಪು ರಾಜ ನಿಂತಿರುವ ಜಿ8ರವರೆಗಿನ ಓರೆಸಾಲನ್ನು ರಾಣಿಗೆ ತೆರೆದಿಡುತ್ತದೆ. ಒಂಟೆ ಹಿಂದೆ ಸರಿದು ಎಫ್8ರಲ್ಲಿ ಕೂತಿತು. ಆ ಮನೆಯೇ ಒಂಬತ್ತು ನಡೆಗಳ ಬಳಿಕ ಆಟವನ್ನು ನಿರ್ಧರಿಸಲಿದೆ.

17. ರಾಣಿ ಸಿ2, ಇ×ಡಿ4, 18. ಇ×ಎಫ್5, ಎ-ಆನೆ ಡಿ8.

ರಾಣಿ ಸಿ2ಕ್ಕೆ ಬಂದು ಎಫ್5ರತ್ತ ನೋಡುತ್ತಿದೆ. ಕಪ್ಪು ಎಫ್5ರಿಂದ ಇ4ರಲ್ಲಿ ಹೊಡೆದರೆ ಬಿಳಿಯ ಒಂಟೆ ಮರಳಿ ಹೊಡೆದು ರಾಣಿಯ ಬೆಂಬಲದೊಂದಿಗೆ ಎಚ್7ನ್ನು ಬೆದರಿಸುತ್ತದೆ. ಕಪ್ಪು ಆರಿಸಿಕೊಂಡ ದಾರಿಯಲ್ಲಿ ಎರಡೂ ಪಕ್ಷಗಳಿಗೆ ತಲಾ ಆರು ಕಾಲಾಳುಗಳು ಉಳಿದಿವೆ. ಡಿ8ಕ್ಕೆ ಬಂದ ಆನೆಯಲ್ಲೊಂದು ಉಪಾಯವೂ ಅಡಗಿದೆ. ಬಿಳಿಯ ಒಂಟೆ ಈಗಲೇ ಡಿ4ರ ಕಾಲಾಳನ್ನು ಹೊಡೆದರೆ, ಡಿ7ರ ಒಂಟೆ ಎಫ್5ರಲ್ಲಿ ಹೊಡೆದು ರಾಣಿಗೆ ಎದುರಾಗುತ್ತದೆ. ರಾಣಿ ಆ ಒಂಟೆಯನ್ನು ತೆಗೆದುಕೊಂಡಾಗ ಡಿ8ರ ಆನೆ ಡಿ4ರ ಒಂಟೆಯನ್ನು ತೆಗೆದುಕೊಳ್ಳುತ್ತದೆ. ಲೆಕ್ಕ ಸಮವಾಗುತ್ತದೆ, ಇ8ರ ಆನೆ ತನ್ನ ಕಾವಲಿನಲ್ಲೇ ಉಳಿಯುತ್ತದೆ.

19. ಒಂಟೆ ಎಚ್5, ಆನೆ ಇ5; 20. ಒಂಟೆ×ಡಿ4, ಆನೆ×ಎಫ್5, 21. ಆನೆ×ಎಫ್5, ಒಂಟೆ×ಎಫ್5, 22. ರಾಣಿ×ಎಫ್5, ಆನೆ×ಡಿ4.

ಆಟದ ಅತ್ಯಂತ ಆಳವಾದ ನಡೆ ಕೊನೆಯದಲ್ಲ, ಒಂಟೆ ಎಚ್5 ಎಂಬುದು ಈ ಲೇಖನದ ಅಭಿಪ್ರಾಯ. ಅದು ಇ8ರ ಆನೆಯನ್ನು ಬೆದರಿಸಿ ಎಂಟನೆಯ ಅಡ್ಡಸಾಲಿನಿಂದ ಹೊರಹಾಕುತ್ತದೆ. ಆನೆ ಇ7ಕ್ಕೆ ಸರಿದಿದ್ದರೆ, 20. ಒಂಟೆ×ಡಿ4, ಒಂಟೆ×ಎಫ್5, 21. ಆನೆ×ಎಫ್5, ಆನೆ×ಡಿ4, 22. ಆನೆ×ಎಫ್8+, ರಾಜ×ಎಫ್8, 23. ರಾಣಿ×ಎಚ್7 ಎಂದಾಗಿ ಎಚ್8ರಲ್ಲಿ ಚೆಕ್‌ಮೇಟ್‌ನ ಬೆದರಿಕೆ ಏಳುತ್ತದೆ: ರಾಜ ಓಡಬೇಕಾದ ಎಫ್7 ಮತ್ತು ಇ8 ಮನೆಗಳನ್ನು ಎಚ್5ರ ಒಂಟೆ ಕಾಯುತ್ತಿದೆ, ಇ7ರಲ್ಲಿ ಅವನದೇ ಆನೆ ನಿಂತಿದೆ. ಆದ್ದರಿಂದ ಬೊಗೊಲ್ಯೂಬೊವ್ ಆನೆಯನ್ನು ಇ5ಕ್ಕೆ ತಂದು ಎಫ್5ರ ಕಾಲಾಳಿನ ಮೇಲೆ ಹೂಡಿದರು. ಇಪ್ಪತ್ತನೆಯ ನಡೆಯಲ್ಲಿ ಆ ಆನೆ ಡಿ5ಕ್ಕೆ ಹೋಗಿದ್ದರೆ ರಾಣಿ ಸಿ4ಕ್ಕೆ ಬಂದು ಅದನ್ನು ರಾಜನ ಮುಂದೆ ಕಟ್ಟಿಹಾಕುತ್ತಿತ್ತು. ರಾಜ ಎಚ್8ಕ್ಕೆ ಸರಿದ ಮೇಲೆ ಒಂಟೆ ಜಿ4ರಿಂದ ಎಫ್5ರ ಕಾಲಾಳನ್ನು ಕಾಯ್ದು, ಒಂದು ಕಾಲಾಳಿನ ಮೇಲುಗೈಯನ್ನು ಬಿಳಿ ಉಳಿಸಿಕೊಳ್ಳುತ್ತಿತ್ತು. ನಿಧಾನವಾಗಿ ಸೋಲುವುದಕ್ಕಿಂತ ಹೊಡೆದಾಟದಲ್ಲಿ ಸಮಬಲ ಸಾಧಿಸಲು ಕಪ್ಪು ಬಯಸಿತು.

22ನೆಯ ನಡೆಯ ಕೊನೆಯಲ್ಲಿ ಕಾಯಿಗಳನ್ನು ಎಣಿಸಿದರೆ ಅದು ಸಾಧಿತವಾದಂತೆಯೇ ಕಾಣುತ್ತದೆ. ಎರಡೂ ಕಡೆ ರಾಣಿ, ಒಂದು ಆನೆ, ಒಂದು ಒಂಟೆ, ಐದು ಕಾಲಾಳುಗಳು. ಬಿಳಿಯ ರಾಜ ಜಿ1ರಲ್ಲಿ, ರಾಣಿ ಎಫ್5ರಲ್ಲಿ, ಆನೆ ಎ1ರಲ್ಲಿ, ಒಂಟೆ ಎಚ್5ರಲ್ಲಿ, ಕಾಲಾಳುಗಳು ಎ2, ಬಿ3, ಸಿ5, ಜಿ3, ಎಚ್2ರಲ್ಲಿ. ಕಪ್ಪಿನ ರಾಜ ಜಿ8ರಲ್ಲಿ, ರಾಣಿ ಸಿ7ರಲ್ಲಿ, ಆನೆ ಡಿ4ರಲ್ಲಿ, ಒಂಟೆ ಎಫ್8ರಲ್ಲಿ, ಕಾಲಾಳುಗಳು ಎ7, ಬಿ7, ಸಿ6, ಜಿ7, ಎಚ್7ರಲ್ಲಿ. ಓದುಗರು ಫಲಕವನ್ನು ಹೀಗೆ ಜೋಡಿಸಿಕೊಂಡು, ಮುಂದೆ ಓದುವ ಮೊದಲು ಬಿಳಿಯ ನಡೆಯನ್ನು ತಾವೇ ಹುಡುಕುವುದು ಒಳ್ಳೆಯ ಅಭ್ಯಾಸ.

23. ಆನೆ ಎಫ್1, ಆನೆ ಡಿ8, 24. ಒಂಟೆ ಎಫ್7+, ರಾಜ ಎಚ್8, 25. ಒಂಟೆ ಇ8. ಕಪ್ಪು ಸೋಲೊಪ್ಪಿತು.

ಅವಸರದಲ್ಲಿ 23. ಒಂಟೆ ಎಫ್7+ ಆಡಿದರೆ ಕಪ್ಪು ರಾಣಿ ಆ ಒಂಟೆಯನ್ನು ಹೊಡೆಯುತ್ತದೆ. ಬಿಳಿಯ ರಾಣಿ ಮರಳಿ ಹೊಡೆದರೆ ರಾಜನೇ ಅದನ್ನು ತೆಗೆದುಕೊಳ್ಳುತ್ತಾನೆ. ಎಫ್1ಕ್ಕೆ ಆನೆ ಬಂದ ಮೇಲೆ ಎಫ್7 ಬಿಳಿಯ ಹತೋಟಿಗೆ ಬರುವುದರಿಂದ ರಾಜನಿಗೆ ಆ ಹೊಡೆತ ಅಸಾಧ್ಯವಾಗುತ್ತದೆ. ಯಾವ ಕಾಯಿಯನ್ನೂ ಹೊಡೆಯದ, ಚೆಕ್ ಕೂಡ ಕೊಡದ ಈ ಮೌನವಾದ ನಡೆ ರಾಣಿ×ಎಫ್8 ಚೆಕ್‌ಮೇಟ್ ಅನ್ನು ಬೆದರಿಸುತ್ತದೆ. ಕಪ್ಪು 23ನೆಯ ನಡೆಯಲ್ಲಿ ರಾಣಿಯನ್ನು ಇ7ಕ್ಕೆ ತಂದು ಕಾಯಲು ನೋಡಿದರೂ 24. ಒಂಟೆ ಎಫ್7+, ರಾಜ ಎಚ್8, 25. ಒಂಟೆ ಡಿ5 ಎಂಬ ಉತ್ತರವಿದೆ. ಒಂಟೆಯನ್ನು ಯಾವುದರಿಂದ ಹೊಡೆದರೂ ರಾಣಿ×ಎಫ್8+, ರಾಣಿ×ಎಫ್8, ಆನೆ×ಎಫ್8 ಚೆಕ್‌ಮೇಟ್. ರಾಣಿ ಎಫ್6ಕ್ಕೆ ಬಂದರೆ ಬಿಳಿಯ ರಾಣಿ ಸಿ8ಕ್ಕೆ ಹೋಗಿ, ಎಫ್8ನ್ನೂ ಎಫ್6ರ ರಾಣಿಯನ್ನೂ ಏಕಕಾಲಕ್ಕೆ ಅಪಾಯದಲ್ಲಿಡುತ್ತದೆ.

ಬೊಗೊಲ್ಯೂಬೊವ್ ಆನೆಯನ್ನು ಡಿ8ಕ್ಕೆ ಮರಳಿಸಿದರು. ಈಗ ಎಫ್8ರ ಒಂಟೆಗೆ ಆನೆಯ ಆಸರೆಯಿದೆ, ಎಂಟನೆಯ ಅಡ್ಡಸಾಲು ಮುಚ್ಚಿದೆ ಎನಿಸುತ್ತದೆ. ಎಫ್7ರಲ್ಲಿ ಚೆಕ್ ಕೊಟ್ಟು ರಾಜನನ್ನು ಮೂಲೆಗೆ ಸರಿಸಿದ ಒಂಟೆ ಮರುನಡೆಯಲ್ಲೇ ಇ8ಕ್ಕೆ ಹೋಗಿ ಡಿ8 ಮತ್ತು ಎಫ್8ರ ನಡುವೆ ಗೋಡೆಯಂತೆ ನಿಂತಿತು. ಆನೆಗೂ ಒಂಟೆಗೂ ಇದ್ದ ಸಂಪರ್ಕ ಕಡಿದುಹೋಯಿತು. ಆನೆ ಆ ಗೋಡೆಯನ್ನು ಹೊಡೆದು ತೆರೆದರೆ 26. ರಾಣಿ×ಎಫ್8+, ಆನೆ×ಎಫ್8, 27. ಆನೆ×ಎಫ್8 ಚೆಕ್‌ಮೇಟ್. ಹೊಡೆಯದಿದ್ದರೆ ಎಫ್8ರ ಒಂಟೆಯೇ ಇಲ್ಲ. ಒಂಟೆ ಸಿ5ರಲ್ಲಿ ಚೆಕ್ ಕೊಟ್ಟು ಪಾರಾಗಲು ಯತ್ನಿಸಿದರೆ ರಾಣಿ ಅದನ್ನು ಹೊಡೆಯುತ್ತದೆ. ಆಗ ಆನೆ ಇ8ರಲ್ಲಿ ಹೊಡೆದರೂ ಸಿ5ರಿಂದಲೇ ರಾಣಿ ಎಫ್8ಕ್ಕೆ ಬಂದು ಅದೇ ಚೆಕ್‌ಮೇಟ್ ಮರುಕಳಿಸುತ್ತದೆ. ರಾಜನಿಗೆ ಕಿಂಡಿ ತೆರೆಯಲು ಎಚ್6 ಆಡಿದರೆ ಬಿಳಿಗೆ ಒಂದು ಇಡೀ ಒಂಟೆಯ ಲಾಭ. ಆಟವನ್ನು ಮುಂದುವರಿಸಲು ಕಪ್ಪಿಗೆ ಕಾರಣವೇ ಉಳಿದಿರಲಿಲ್ಲ.

ವಿಶ್ಲೇಷಣೆ

ಆಟದುದ್ದಕ್ಕೂ ಬಿಳಿಯ ಒಂದೇ ಒಂಟೆಯನ್ನು ಹಿಂಬಾಲಿಸಿದರೆ ಅದರ ಒಳಗಿನ ಕಟ್ಟು ತಿಳಿಯುತ್ತದೆ. ನಾಲ್ಕನೆಯ ನಡೆಯಲ್ಲಿ ಪಾರ್ಶ್ವದ ಜಿ2ಕ್ಕೆ ಬಂದ ಒಂಟೆ ಒಂಬತ್ತು ನಡೆಗಳ ಕಾಲ ಅಲ್ಲಿಯೇ ಇದ್ದು ಉದ್ದ ಓರೆಸಾಲನ್ನು ಕಾಯುತ್ತದೆ. ಆನಂತರ ಎಫ್3, ಎಚ್5, ಎಫ್7, ಇ8 ಎಂದು ಸಾಗಿ ಆಟವನ್ನು ಮುಗಿಸುತ್ತದೆ. ಇನ್ನೊಂದು ಪಾರ್ಶ್ವದ ಬಿ2ರ ಒಂಟೆ ಡಿ4ರಲ್ಲಿ ತನ್ನನ್ನು ಅರ್ಪಿಸಿಕೊಂಡು ಕಪ್ಪಿನ ಕೊನೆಯ ಆನೆಯನ್ನು ಒಂದು ನಡೆಯ ಮಟ್ಟಿಗೆ ಎಂಟನೆಯ ಸಾಲಿನಿಂದ ಆಚೆಗೆ ಸೆಳೆಯುತ್ತದೆ. ಕಪ್ಪು ಆರನೆಯ ನಡೆಯಲ್ಲಿ ಬಹಳ ಆಸೆಯಿಂದ ಆನೆಯನ್ನು ನಿಲ್ಲಿಸಿದ ಮನೆಯೂ ಇ8. ಕೊನೆಗೆ ಬಿಳಿಯ ಒಂಟೆ ಬಂದು ನಿಂತ ಮನೆಯೂ ಇ8. ಆ ಆನೆಯನ್ನು ಎಚ್5ರಿಂದ ಎಬ್ಬಿಸದೆ ಹೋಗಿದ್ದರೆ ಈ ಅಂತ್ಯ ಸಾಧ್ಯವೇ ಇರಲಿಲ್ಲ.

ಬೊಗೊಲ್ಯೂಬೊವ್ ಎಲ್ಲಿ ತಪ್ಪಿದರು ಎಂಬ ಪ್ರಶ್ನೆಗೆ ಒಂದೇ ನಡೆಯನ್ನು ಬೆರಳು ಮಾಡಿ ತೋರಿಸುವುದು ಕಷ್ಟ. ಒಂಬತ್ತನೆಯ ನಡೆಯ ಕುದುರೆ ಇ4 ಸ್ಪಷ್ಟವಾಗಿ ಕಪ್ಪಿನ ಕಾಲಾಳುಗಳನ್ನು ಚದುರಿಸಿತು. ಆದರೆ ಅದಕ್ಕೂ ಮೊದಲೇ, ಇ6 ಮತ್ತು ಸಿ6ರ ಕಾಲಾಳುಗಳ ಹಿಂದೆ ರಾಣಿಯ ಕಡೆಯ ಒಂಟೆ ಮುಚ್ಚಿಹೋಗಿತ್ತು. ಅದು ಮೊದಲ ಬಾರಿಗೆ ಅಲುಗಿದ್ದು ಹದಿನಾಲ್ಕನೆಯ ನಡೆಯಲ್ಲಿ. ಲಾಸ್ಕರ್ ಅದೇ ಒಂಟೆಯನ್ನು ಮೊದಲು ಎಫ್5ಕ್ಕೆ ಹೊರತಂದು, ಬಳಿಕ ಇ6ನ್ನು ಆಡುವ ಕ್ರಮವನ್ನು ಹಿಡಿದರು. ಒಂದೇ ಆರಂಭದ ವಿರುದ್ಧ ಒಂದೇ ಪಂದ್ಯಾವಳಿಯಲ್ಲಿ ದೊರೆತ ಈ ಎರಡು ವಿರುದ್ಧ ಫಲಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತ.

ಈ ಆಟದಿಂದ ಹೈಪರ್‌ಮಾಡರ್ನ್ ವಾದ ಟಾರಾಶ್ ಅವರ ಬೋಧನೆಯನ್ನು ಸೋಲಿಸಿತು ಎಂದು ಹೇಳುವುದು ಅತಿಶಯೋಕ್ತಿ. ಗೆಲುವನ್ನು ತಂದ ಡಿ4 ಮತ್ತು ಇ4 ಎರಡೂ ನಡುಮನೆಗಳನ್ನು ಕಾಲಾಳುಗಳಿಂದ ಆಕ್ರಮಿಸುವ ನಡೆಗಳೇ. ಟಾರಾಶ್ ಕೂಡ ಅವುಗಳನ್ನು ಮೆಚ್ಚುತ್ತಿದ್ದರು. ರೇಟಿಯ ಹೊಸತನವಿದ್ದುದು ಅವುಗಳ ಸಮಯದಲ್ಲಿ.

ನಂತರದ ಪ್ರಭಾವ

ಪಂದ್ಯಾವಳಿಯ ಎಲ್ಲ ಆಟಗಳಿಗೆ ಅಲೆಖಿನ್ ಬರೆದ ಟಿಪ್ಪಣಿಗಳ ಪುಸ್ತಕವು ಚದುರಂಗ ಸಾಹಿತ್ಯದ ಮೇಲ್ಮಟ್ಟದ ಗ್ರಂಥಗಳಲ್ಲಿ ಎಣಿಕೆಯಾಗುತ್ತದೆ; ಈ ಆಟವು ಹೆಚ್ಚಿನ ಓದುಗರನ್ನು ತಲುಪಿದ್ದು ಅದರ ಮೂಲಕ. ರೇಟಿ 1925ರಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ಫಲಕಗಳನ್ನು ನೋಡದೆ ಏಕಕಾಲದಲ್ಲಿ 29 ಮಂದಿಯೊಡನೆ ಆಡಿ ಆಗಿನ ದಾಖಲೆಯನ್ನು ಸ್ಥಾಪಿಸಿದರು. ಅಂತ್ಯದಾಟದ ಸಮಸ್ಯೆಗಳ ರಚನಕಾರರಾಗಿಯೂ ಅವರಿಗೆ ಹೆಸರಿದೆ: ಎರಡು ರಾಜರು, ಎರಡು ಕಾಲಾಳುಗಳಷ್ಟೇ ಇರುವ 1921ರ ಅವರ ರಚನೆ ಇಂದಿಗೂ ಆರಂಭಿಕ ಪಾಠಗಳಲ್ಲಿ ಇದೆ. ಕೆಂಪುಜ್ವರಕ್ಕೆ ತುತ್ತಾಗಿ 1929ರ ಜೂನ್ 6ರಂದು ಪ್ರಾಗ್ ನಗರದಲ್ಲಿ ನಿಧನರಾದಾಗ ಅವರಿಗೆ ಕೇವಲ 40 ವರ್ಷ. ಬೊಗೊಲ್ಯೂಬೊವ್ 1952ರವರೆಗೆ ಬದುಕಿದ್ದರು.

ಪಾರ್ಶ್ವದ ಆರಂಭಗಳು ಮುಂದೆ ಅಗ್ರ ಮಟ್ಟದ ಆಟದ ಸಾಮಾನ್ಯ ಭಾಗವಾದವು. 1987ರ ಡಿಸೆಂಬರಿನಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 24ನೆಯ ಮತ್ತು ಕೊನೆಯ ಆಟದಲ್ಲಿ ಗ್ಯಾರಿ ಕಾಸ್ಪರೋವ್ ಪಟ್ಟ ಉಳಿಸಿಕೊಳ್ಳಲು ಗೆಲ್ಲಲೇಬೇಕಾಗಿತ್ತು. ಅನಟೋಲಿ ಕಾರ್ಪೋವ್ ಎದುರು ಅವರು ಆರಿಸಿಕೊಂಡದ್ದು ಇದೇ ವಿನ್ಯಾಸವನ್ನು: ಸಿ4ರ ಕಾಲಾಳು, ಎಫ್3ರ ಕುದುರೆ, ಜಿ2 ಮತ್ತು ಬಿ2ರಲ್ಲಿ ಒಂಟೆಗಳು. 64 ನಡೆಗಳಲ್ಲಿ ಆ ಆಟವನ್ನು ಗೆದ್ದ ಕಾಸ್ಪರೋವ್, ಪಂದ್ಯವನ್ನು 12–12ರಲ್ಲಿ ಸಮಗೊಳಿಸಿ ಪಟ್ಟವನ್ನು ಉಳಿಸಿಕೊಂಡರು.